ಟೈಬರ್ ಹೊಳೆಯ ಕಡವು, ಏಳು ಅರಸರು, ಇಬ್ಬರು ಕಾನ್ಸಲರು: ರೋಮಿನ ಆರಂಭದ ಬಗ್ಗೆ ಮಕ್ಕಳು ಕೇಳಿದ ಮೂರು ಪ್ರಶ್ನೆಗಳು

ಪ್ರಶ್ನೆ: ಶಿರಸಿಯ ಅಕ್ಕೋರು

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಪ್ರಾಚೀನ ರೋಮಿನ ಪಾಠ ಎತ್ತಿಕೊಂಡೆ. ಎರಡು ಅವಧಿಯಲ್ಲಿ ಮುಗಿಯಬೇಕಿದ್ದ ಪಾಠ ಮಕ್ಕಳ ಪ್ರಶ್ನೆಗಳಿಂದಾಗಿ ನಾಲ್ಕನೆಯ ಅವಧಿಗೆ ಬಂದು ನಿಂತಿದೆ. ಹಾರಿಕೆಯ ಉತ್ತರ ಕೊಟ್ಟು ಮುಂದೆ ಹೋಗಲು ಮನಸ್ಸು ಒಪ್ಪದೆ ಇಲ್ಲಿ ಕೇಳುತ್ತಿದ್ದೇನೆ.

ಮೊದಲನೆಯದನ್ನು ಕೇಳಿದವಳು, ರಜೆಯಲ್ಲಿ ಕಾರವಾರದ ಅಜ್ಜನ ಮನೆಗೆ ಹೋಗಿಬರುವ ಒಬ್ಬ ಹುಡುಗಿ. ನಕಾಶೆಯ ಮೇಲೆ ಬೆರಳಿಟ್ಟು, "ಇಟಲಿಯ ಮೂರು ದಿಕ್ಕಿಗೂ ಸಮುದ್ರವಿದೆ, ಆದರೂ ಇವರು ಕಾರವಾರದ ಹಾಗೆ ಸಮುದ್ರಕ್ಕೆ ಹೊಂದಿ ಊರು ಕಟ್ಟದೆ ಹೊಳೆಯ ಗುಂಟ ಅಷ್ಟು ಒಳಗೆ ಏಕೆ ಹೋದರು?" ಎಂದಳು. ಸಮುದ್ರದಿಂದ ರೋಮ್ ಸುಮಾರು 25 ಕಿಲೋಮೀಟರ್ ದೂರದಲ್ಲಿದೆ ಎಂದು ಹೇಳಿದೆನೇ ಹೊರತು ಅದು ಏಕೆ ಎಂಬುದನ್ನು ಹೇಳಲಾಗಲಿಲ್ಲ.

ಎರಡನೆಯದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಪ್ರಶ್ನೆ. ಹಿಂದಿನ ವರ್ಷ ಮಕ್ಕಳನ್ನು ಬನವಾಸಿಗೂ ತಾಳಗುಂದಕ್ಕೂ ಕರೆದುಕೊಂಡು ಹೋಗಿದ್ದೆವು. ಅದನ್ನು ನೆನಪಿಟ್ಟುಕೊಂಡ ಹುಡುಗನೊಬ್ಬ, "ಮಯೂರಶರ್ಮನ ಕಥೆಯನ್ನು ಕಲ್ಲಿನ ಕಂಬದ ಮೇಲೆ ಬರೆದಿದ್ದಾರೆ. ರೋಮ್ ಕಟ್ಟಿದ ರೋಮುಲಸನ ಕಥೆಯನ್ನು ಯಾವ ಕಲ್ಲಿನ ಮೇಲೆ ಬರೆದಿದ್ದಾರೆ?" ಎಂದು ಕೇಳಿದ.

ಮೂರನೆಯದು ಆಡಳಿತದ ಕುರಿತು. ಅರಸನ ಮಗ ಅರಸನಾಗುವುದಿಲ್ಲ ಎಂದಾದರೆ ಹೊಸ ಅರಸನನ್ನು ಆರಿಸುತ್ತಿದ್ದವರು ಯಾರು, ಮತ್ತು ಕೊನೆಯ ಅರಸನನ್ನು ಓಡಿಸಿದ ಮೇಲೆ ಇನ್ನೊಬ್ಬ ಅರಸ ತಲೆ ಎತ್ತದಂತೆ ಅವರು ಏನು ಕಟ್ಟು ಹಾಕಿಕೊಂಡರು? ತಿಳಿದವರು ಮಕ್ಕಳಿಗೆ ಮುಟ್ಟುವಂತೆ ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಸಾಣಿಕಟ್ಟೆ ಆಗರ

ಅಕ್ಕೋರೆ, ನಿಮ್ಮ ಮೊದಲ ಪ್ರಶ್ನೆಗೆ ನಾನು ಉಪ್ಪಿನ ಕಡೆಯಿಂದ ಉತ್ತರ ಹೇಳುತ್ತೇನೆ. ಗೋಕರ್ಣದ ಸಮೀಪದ ಸಾಣಿಕಟ್ಟೆಯ ಆಗರದಲ್ಲಿ ನಮ್ಮ ಮನೆಯವರು ಎರಡು ತಲೆಮಾರು ದುಡಿದಿದ್ದಾರೆ, ಆದ್ದರಿಂದ ರೋಮಿನ ಇತಿಹಾಸ ಓದುವಾಗ ನನ್ನ ಕಣ್ಣು ಮೊದಲು ನಿಂತದ್ದು ಟೈಬರ್ ಅಳಿವೆಯ ಉಪ್ಪಿನ ಆಗರಗಳ ಮೇಲೆ.

ಮೊದಲು ನೆಲದ ಸ್ವರೂಪವನ್ನು ನೋಡಬೇಕು. ಉತ್ತರದಲ್ಲಿ ಆಲ್ಪ್ಸ್ ಪರ್ವತ, ಅದರ ಕೆಳಗೆ ಪೋ ನದಿಯ ಬಯಲು, ಅಲ್ಲಿಂದ ದಕ್ಷಿಣದ ತುದಿಯವರೆಗೆ ಬೆನ್ನುಮೂಳೆಯಂತೆ ಇಳಿದ ಅಪೆನ್ನೈನ್ ಸಾಲು. ಇಟಲಿಯ ನಡುಭಾಗದಲ್ಲಿ ಈ ಸಾಲು ಪೂರ್ವದ ಏಡ್ರಿಯಾಟಿಕ್ ಸಮುದ್ರಕ್ಕೆ ಹತ್ತಿರವಾಗಿ ಸಾಗುವುದರಿಂದ ಪಶ್ಚಿಮಕ್ಕೆ ಅಗಲವಾದ ಬಯಲುಗಳು ಉಳಿದಿವೆ. ನಮ್ಮಲ್ಲಿ ಇದಕ್ಕೆ ವಿರುದ್ಧ: ಸಹ್ಯಾದ್ರಿ ಪಶ್ಚಿಮದ ಸಮುದ್ರವನ್ನೇ ಒತ್ತಿಕೊಂಡು ನಿಂತಿದ್ದು, ಕಾರವಾರದಲ್ಲಿ ಗುಡ್ಡದ ಬುಡಕ್ಕೇ ತೆರೆ ಬಡಿಯುತ್ತದೆ. ಇಟಲಿಯ ಪಶ್ಚಿಮದ ಬಯಲುಗಳಲ್ಲಿ ಹಳೆಯ ಜ್ವಾಲಾಮುಖಿಗಳು ಉಗುಳಿದ ಬೂದಿಯಿಂದಾದ ಫಲವತ್ತಾದ ಮಣ್ಣು ಇದೆ. ಅಂಥ ಬಯಲುಗಳಲ್ಲೊಂದು ಲೇಷಿಯಮ್, ಅದರ ಉತ್ತರದ ಅಂಚು ಟೈಬರ್ ನದಿ. ಟೈಬರಿನ ಉದ್ದ ಸುಮಾರು 405 ಕಿಲೋಮೀಟರ್, ಅಂದರೆ ನಮ್ಮ ಕಾಳಿ ನದಿಯ ಎರಡು ಪಟ್ಟಿಗಿಂತ ಹೆಚ್ಚು.

ರೋಮಿನ ಹತ್ತಿರ ಈ ಹೊಳೆಯ ನಡುವೆ ಒಂದು ಸಣ್ಣ ನಡುಗಡ್ಡೆ ಇದೆ. ಸಮುದ್ರದಿಂದ ಮೇಲೆ ಬರುವವರಿಗೆ ಹೊಳೆಯನ್ನು ಸುಲಭವಾಗಿ ದಾಟಲು ಸಿಗುವ ಮೊದಲ ಕಡವು ಅದರ ಆಸುಪಾಸಿನಲ್ಲಿತ್ತು. ಉತ್ತರದ ಎಟ್ರೂರಿಯಾದಿಂದ ದಕ್ಷಿಣದ ಕ್ಯಾಂಪೇನಿಯಾಕ್ಕೆ ಹೋಗುವವರು ಇಲ್ಲಿಯೇ ಹಾಯಬೇಕಿತ್ತು. ಆ ದಾರಿಗೆ ಅಡ್ಡಲಾಗಿ ಇನ್ನೊಂದು ದಾರಿ ಬಂದು ಸೇರುತ್ತಿತ್ತು, ಅದೇ ಉಪ್ಪಿನ ದಾರಿ. ಅಳಿವೆಯ ಆಗರಗಳಲ್ಲಿ ಬೆಳೆದ ಉಪ್ಪು ಹೊಳೆಯ ಗುಂಟ ಈ ಕಡವಿಗೆ ಬಂದು, ಇಲ್ಲಿಂದ ಈಶಾನ್ಯಕ್ಕೆ ಸೇಬೈನ್ ಜನರ ಗುಡ್ಡನಾಡಿಗೆ ಏರುತ್ತಿತ್ತು. ಆ ಹೆದ್ದಾರಿಯ ಹೆಸರು ಇಂದಿಗೂ ವಿಯಾ ಸಲಾರಿಯಾ, ಅಂದರೆ ಉಪ್ಪಿನ ದಾರಿ. ಕುರಿ, ದನ ಸಾಕುವ ಗುಡ್ಡದ ಜನರಿಗೆ ಮಾಂಸ ಕೆಡದಂತೆ ಇಡಲು, ಗಿಣ್ಣು ಕಟ್ಟಲು, ಜಾನುವಾರಿಗೆ ನೆಕ್ಕಿಸಲು ಉಪ್ಪು ಬೇಕೇ ಬೇಕು, ಗುಡ್ಡದಲ್ಲಿ ಅದು ಹುಟ್ಟುವುದಿಲ್ಲ. ಹೇರೆತ್ತುಗಳ ಮೇಲೆ ಕರಾವಳಿಯ ಉಪ್ಪು ಘಟ್ಟ ಹತ್ತುತ್ತಿದ್ದ ಕಾಲದ ಮಾತನ್ನು ನಿಮ್ಮ ಮಕ್ಕಳು ಮನೆಯ ಹಿರಿಯರಿಂದ ಕೇಳಿರಬಹುದು. ಆ ಕಡವಿನ ಪಕ್ಕದಲ್ಲೇ ರೋಮಿನ ದನದ ಸಂತೆ ನಡೆಯುತ್ತಿದ್ದುದೂ ಸಹಜವೇ ಆಗಿದೆ.

ಇಲ್ಲಿ ಆಗರದ ಕೆಲಸವನ್ನು ಸ್ವಲ್ಪ ಹೇಳಬೇಕು. ಉಬ್ಬರದ ನೀರನ್ನು ತೂಬಿನಿಂದ ಒಳಗೆ ಬಿಟ್ಟುಕೊಂಡು, ಒಂದು ಮಡಿಯಿಂದ ಇನ್ನೊಂದಕ್ಕೆ ಹರಿಸುತ್ತಾ ಬಿಸಿಲಿಗೆ ಗಟ್ಟಿ ಮಾಡುತ್ತಾರೆ. ಕೊನೆಯ ಮಡಿಯಲ್ಲಿ ನಡುಹಗಲಿನ ಹೊತ್ತಿಗೆ ನೀರಿನ ಮೇಲೆ ಹಾಲಿನ ಕೆನೆಯಂಥ ತೆಳು ಪದರ ಕಟ್ಟುತ್ತದೆ, ಅದು ಭಾರವಾಗಿ ತಳಕ್ಕೆ ಇಳಿದು ಹರಳಾಗುತ್ತದೆ. ಆ ಹರಳನ್ನು ಮರದ ಹಲಗೆಯಿಂದ ಮೆಲ್ಲಗೆ ಬದಿಗೆ ಎಳೆಯಬೇಕು, ಜೋರು ಮಾಡಿದರೆ ಕೆಳಗಿನ ಕೆಸರು ಕಲೆತು ಉಪ್ಪು ಕಪ್ಪಾಗುತ್ತದೆ. ಮಳೆಗಾಲ ಹತ್ತಿರ ಬರುತ್ತಿದ್ದಂತೆ ನಮ್ಮ ಹಂಗಾಮು ಮುಗಿಯುತ್ತದೆ. ಇಟಲಿಯಲ್ಲಿ ಮಳೆ ಬೀಳುವುದು ಹೆಚ್ಚಾಗಿ ಚಳಿಗಾಲದಲ್ಲಿ, ಬೇಸಿಗೆ ಒಣಗಿದ್ದು. ಹೀಗಾಗಿ ನಮ್ಮ ಆಗರಗಳು ಆಷಾಢ, ಶ್ರಾವಣದಲ್ಲಿ ನೀರಿನಡಿ ಇರುವ ಹೊತ್ತು ಅವರಿಗೆ ಉಪ್ಪು ತೆಗೆಯಲು ಒಳ್ಳೆಯ ಹೊತ್ತು. ಹವಾಮಾನದ ಪಾಠವನ್ನು ಇಲ್ಲಿಯೇ ಹೇಳಿಕೊಡಬಹುದು.

"ಏಳು ಗುಡ್ಡ" ಎಂದಾಗ ಮಕ್ಕಳು ಯಾಣವನ್ನೋ ದೇವಿಮನೆ ಘಟ್ಟವನ್ನೋ ನೆನೆಯಬಾರದು. ಪ್ಯಾಲಟೈನ್, ಕ್ಯಾಪಿಟೋಲೈನ್, ಅವೆಂಟೈನ್, ಸೀಲಿಯನ್, ಎಸ್ಕ್ವಿಲೈನ್, ವಿಮಿನಲ್, ಕ್ವಿರಿನಲ್ ಎಂಬ ಈ ದಿಬ್ಬಗಳು ಸಮುದ್ರಮಟ್ಟದಿಂದ ಐವತ್ತು, ಅರವತ್ತು ಮೀಟರ್ ಎತ್ತರದವು. ಆದರೆ ಅವುಗಳ ಬದಿ ಕಡಿದಾಗಿತ್ತು, ನಡುವಿನ ತಗ್ಗು ಜವುಗಾಗಿತ್ತು. ಕಡವನ್ನು ಕಾಯಲೂ ಹೊಳೆಯ ನೆರೆಯಿಂದ ತಪ್ಪಿಸಿಕೊಳ್ಳಲೂ ಅಷ್ಟು ಎತ್ತರ ಸಾಕಾಯಿತು. ಆ ಜವುಗಿನ ನೀರನ್ನು ಕಾಲುವೆ ತೋಡಿ ಹೊಳೆಗೆ ಹರಿಸಿ, ನೆಲ ಎತ್ತರಿಸಿದ ಮೇಲೆ ಅದೇ ಜಾಗ ಫೋರಮ್, ಅಂದರೆ ಊರ ಜನ ಸೇರುವ ಬಯಲು ಆಯಿತು.

ಲಿವಿ ಎಂಬ ಇತಿಹಾಸಕಾರ ಅಳಿವೆಯ ಆಗರಗಳನ್ನೂ ಹೊಳೆಯ ಮೇಲಿನ ಮೊದಲ ಮರದ ಸೇತುವೆಯನ್ನೂ ಓಸ್ಟಿಯಾ ಎಂಬ ಬಂದರನ್ನೂ ನಾಲ್ಕನೆಯ ಅರಸ ಆಂಕಸ್ ಮಾರ್ಸಿಯಸನ ಕೆಲಸವೆನ್ನುತ್ತಾನೆ. ಓಸ್ಟಿಯಾದಲ್ಲಿ ಈಗ ಕಾಣುವ ಅತಿ ಹಳೆಯ ಕೋಟೆ ಕ್ರಿ.ಪೂ. 4ನೆಯ ಶತಮಾನದ್ದು, ಆದ್ದರಿಂದ ಅವನ ಮಾತನ್ನೆಲ್ಲ ಹಾಗೆಯೇ ಒಪ್ಪುವಂತಿಲ್ಲ. ಇನ್ನೊಂದು ಎಚ್ಚರಿಕೆ: ಸಂಬಳಕ್ಕೆ ಇಂಗ್ಲಿಷಿನಲ್ಲಿರುವ 'ಸ್ಯಾಲರಿ' ಎಂಬ ಪದ ಲ್ಯಾಟಿನ್ನಿನ ಉಪ್ಪಿನ ಪದದಿಂದ ಬಂದದ್ದು ನಿಜ, ಆದರೆ ಸೈನಿಕರಿಗೆ ಕೂಲಿಯಾಗಿ ಉಪ್ಪನ್ನೇ ಅಳೆದು ಕೊಡುತ್ತಿದ್ದರು ಎಂಬುದಕ್ಕೆ ಪ್ರಾಚೀನ ಆಧಾರವಿಲ್ಲ. ಅದನ್ನು ತರಗತಿಯಲ್ಲಿ ಹೇಳದಿರುವುದು ಒಳ್ಳೆಯದು.

ಉತ್ತರ 2: ಹೊನ್ನಾವರ ಬಂದರು

ಸಾಣಿಕಟ್ಟೆಯವರು ಕಡವಿನ ಕಾರಣ ಹೇಳಿದರು. ಸಮುದ್ರದಿಂದ ದೂರ ಇರುವುದರ ಲಾಭವನ್ನು ನಾನು ಸೇರಿಸುತ್ತೇನೆ, ಏಕೆಂದರೆ ಅದಕ್ಕೆ ನಮ್ಮ ಶರಾವತಿಯಲ್ಲೇ ಉದಾಹರಣೆ ಇದೆ. 16ನೆಯ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿ ಆಳಿದ್ದು ಅಳಿವೆಯ ಹೊನ್ನಾವರದಲ್ಲಿ ಕುಳಿತಲ್ಲ, ಹೊಳೆಯ ಗುಂಟ ಒಳಗೆ, ಘಟ್ಟದ ಬುಡದ ಗೇರುಸೊಪ್ಪೆಯಲ್ಲಿ. ಘಟ್ಟದಿಂದ ಇಳಿದ ಕಾಳುಮೆಣಸು ಅಲ್ಲಿ ದೋಣಿ ಹತ್ತುತ್ತಿತ್ತು. ಪೋರ್ಚುಗೀಸರ ಹಡಗುಗಳು ಬಂದರೆ ಮೊದಲ ಪೆಟ್ಟು ಬೀಳುತ್ತಿದ್ದುದು ಹೊನ್ನಾವರಕ್ಕೆ. ಕಡಲಿನ ವ್ಯಾಪಾರ ಬೇಕು, ಕಡಲಿನ ಶತ್ರು ಮನೆಬಾಗಿಲಿಗೆ ಬರಬಾರದು ಎನ್ನುವವರು ಇಂಥ ಜಾಗವನ್ನೇ ಹುಡುಕುತ್ತಾರೆ. ಲಿವಿ ತನ್ನ ಐದನೆಯ ಪುಸ್ತಕದಲ್ಲಿ ಕಮಿಲಸ್ ಎಂಬ ಸೇನಾನಿಯ ಬಾಯಲ್ಲಿ ರೋಮಿನ ಬಗ್ಗೆ ಆಡಿಸುವ ಮಾತೂ ಇದೇ ಧಾಟಿಯದು: ಸರಕು ತರಲು ಹೊಳೆ ಇದೆ, ಸಮುದ್ರ ಉಪಯೋಗಕ್ಕೆ ಸಿಗುವಷ್ಟು ಹತ್ತಿರವಿದೆ, ಪರದೇಶದ ನೌಕೆಗಳಿಗೆ ಹೆದರಬೇಕಾದಷ್ಟು ಹತ್ತಿರವಿಲ್ಲ.

ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಗೇರುಸೊಪ್ಪೆಯ ಹಿಂದೆ ದಟ್ಟ ಕಾಡು ಮತ್ತು ಕಡಿದಾದ ಘಟ್ಟ, ರೋಮಿನ ಹಿಂದೆ ಉತ್ತು ಬಿತ್ತುವ ಬಯಲು. ಮೇಲಾಗಿ ರೋಮಿನ ಎದುರಿನ ದಂಡೆಯಿಂದಾಚೆ ಎಟ್ರಸ್ಕನ್ನರ ಸೀಮೆ ಶುರುವಾಗುತ್ತಿತ್ತು. ಅವರ ದೊಡ್ಡ ಪಟ್ಟಣವಾದ ವೇಯಿ ಕೇವಲ 16 ಕಿಲೋಮೀಟರ್ ಆಸುಪಾಸಿನಲ್ಲಿತ್ತು. ಹೊಳೆಗಾಗಿಯೂ ಉಪ್ಪಿಗಾಗಿಯೂ ಆ ಎರಡು ಊರುಗಳ ನಡುವೆ ತಲೆಮಾರುಗಟ್ಟಲೆ ಜಗಳ ನಡೆದು, ಕ್ರಿ.ಪೂ. 396ರಲ್ಲಿ ವೇಯಿ ರೋಮಿನ ಕೈಸೇರಿತು. ಅರಸರ ಕಾಲ ಮುಗಿಯುವಾಗ ರೋಮಿನ ಒಟ್ಟು ನೆಲ ಸುಮಾರು 800 ಚದರ ಕಿಲೋಮೀಟರ್ ಎಂದು ವಿದ್ವಾಂಸರ ಅಂದಾಜು. ನಮ್ಮ ಉತ್ತರ ಕನ್ನಡ ಜಿಲ್ಲೆಯ ವಿಸ್ತೀರ್ಣ 10,291 ಚದರ ಕಿಲೋಮೀಟರ್. ಆ ಪುಟ್ಟ ರೋಮನ್ನು ಮಕ್ಕಳು ಮೊದಲು ಕಂಡರೆ ಸಾಮ್ರಾಜ್ಯದ ಪಾಠ ಬಂದಾಗ ಅದರ ಅಗಾಧತೆ ಅರ್ಥವಾಗುತ್ತದೆ.

ಉತ್ತರ 3: ಕುಮಟಾದ ಇತಿಹಾಸ ವಿದ್ಯಾರ್ಥಿ

ಅಕ್ಕೋರೆ, ತಾಳಗುಂದದ ಕಂಬವನ್ನು ನೆನೆದ ಆ ಹುಡುಗನಿಗೆ ನನ್ನ ಅಭಿನಂದನೆ ತಿಳಿಸಿ. ಇತಿಹಾಸದಲ್ಲಿ ಕೇಳಬೇಕಾದ ಸರಿಯಾದ ಪ್ರಶ್ನೆ ಅದು.

ಮಯೂರಶರ್ಮ 4ನೆಯ ಶತಮಾನದ ಮಧ್ಯದವನು, ತಾಳಗುಂದದ ಶಾಸನ 5ನೆಯ ಶತಮಾನದ ಮಧ್ಯದ್ದು. ಘಟನೆಗೂ ಬರಹಕ್ಕೂ ನಡುವೆ ಸುಮಾರು ನೂರು ವರ್ಷ. ರೋಮ್ ಹುಟ್ಟಿದ್ದೆಂದು ಸಂಪ್ರದಾಯ ಹೇಳುವ ವರ್ಷ ಕ್ರಿ.ಪೂ. 753, ರೋಮನ್ನರಲ್ಲಿ ಮೊದಲು ಇತಿಹಾಸ ಬರೆದ ಫೇಬಿಯಸ್ ಪಿಕ್ಟರ್ ಕ್ರಿ.ಪೂ. 200ರ ಸುಮಾರಿನವನು. ನಡುವೆ ಐನೂರೈವತ್ತು ವರ್ಷ. ಆ 753ನ್ನು ಲೆಕ್ಕ ಹಾಕಿ ನೆಲೆಗೊಳಿಸಿದ ವಾರೋ ಎಂಬ ರೋಮನ್ ವಿದ್ವಾಂಸ ಇನ್ನೂ ಈಚಿನವನು, ನಾವು ಹೆಚ್ಚಾಗಿ ಓದುವ ಲಿವಿ ಆಗಸ್ಟಸ್ ಚಕ್ರವರ್ತಿಯ ಕಾಲದವನು. ಇದಿಷ್ಟನ್ನು ಒಂದು ಉದ್ದನೆಯ ದಾರದ ಮೇಲೆ ಗಂಟು ಹಾಕಿ ತೋರಿಸಿದರೆ ಮಕ್ಕಳಿಗೆ ಬೇರೆ ವಿವರಣೆ ಬೇಡ.

ಕಥೆ ನಿಮಗೆ ಗೊತ್ತೇ ಇದೆ. ಟ್ರಾಯ್ ಪಟ್ಟಣ ಬಿದ್ದ ಮೇಲೆ ಅಲ್ಲಿಯ ವೀರ ಈನಿಯಸ್ ಇಟಲಿಗೆ ಬಂದ, ಅವನ ಮಗ ಆಲ್ಬಾ ಲೋಂಗಾ ಎಂಬ ಊರು ಕಟ್ಟಿದ, ಆ ವಂಶದ ರಿಯಾ ಸಿಲ್ವಿಯಾಳಿಗೆ ಮಾರ್ಸ್ ದೇವರಿಂದ ರೋಮುಲಸ್, ರೀಮಸ್ ಎಂಬ ಅವಳಿ ಗಂಡುಮಕ್ಕಳು ಹುಟ್ಟಿದರು, ಹೊಳೆಗೆ ಬಿಟ್ಟ ಆ ಮಕ್ಕಳಿಗೆ ತೋಳ ಹಾಲೂಡಿತು. ಗ್ರೀಕರ ಲೆಕ್ಕದಲ್ಲಿ ಟ್ರಾಯ್ ಬಿದ್ದದ್ದು ಕ್ರಿ.ಪೂ. 1184ರಲ್ಲಿ. ಅಲ್ಲಿಂದ 753ಕ್ಕೆ ನಾಲ್ಕು ಶತಮಾನಗಳ ತೆರಪು ಬಿತ್ತು, ಅದನ್ನು ಮುಚ್ಚಲೆಂದೇ ಆಲ್ಬಾದ ಅರಸರ ಉದ್ದನೆಯ ಪಟ್ಟಿ ಹೆಣೆಯಬೇಕಾಯಿತು. ಏಳು ಅರಸರ ಪಟ್ಟಿಯಲ್ಲಿಯೂ ಇಂಥದೇ ತೊಂದರೆ ಇದೆ. ಕ್ರಿ.ಪೂ. 753ರಿಂದ 509ರವರೆಗಿನ 244 ವರ್ಷಗಳನ್ನು ಏಳು ಮಂದಿ ಆಳಬೇಕಾದರೆ ಒಬ್ಬೊಬ್ಬರಿಗೆ ಸರಾಸರಿ 35 ವರ್ಷ ಬರುತ್ತದೆ. ಅವರಲ್ಲಿ ಹಲವರು ಕೊಲೆಯಾಗಿ ಸತ್ತವರು ಎಂಬುದನ್ನು ನೆನೆದರೆ ನಂಬುವುದು ಕಷ್ಟ.

ಹಾಗೆಂದು ಎಲ್ಲವೂ ಕಟ್ಟುಕಥೆ ಎಂದು ತಳ್ಳಿಹಾಕುವುದೂ ತಪ್ಪೇ. ಪ್ಯಾಲಟೈನ್ ಗುಡ್ಡದ ಮೆದುಕಲ್ಲಿನಲ್ಲಿ ಕಂಬ ನೆಡಲು ಕೊರೆದ ಕುಳಿಗಳು 1948ರ ಉತ್ಖನನದಲ್ಲಿ ಸಿಕ್ಕಿವೆ. ಅವು ಕಬ್ಬಿಣ ಯುಗದ ಗುಡಿಸಲುಗಳವು, ಸಾಂಪ್ರದಾಯಿಕ ಕಾಲಕ್ಕೆ ಹೊಂದುವಂಥವು. ಚೆನ್ನಾಗಿ ಉಳಿದ ಒಂದು ಗುಡಿಸಲಿನ ನೆಲ ಸುಮಾರು 5 ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲ. ಬಾಗಿಲ ಮುಂದೆ ಒಂದು ಚಿಕ್ಕ ಚಾವಣಿ ಇದ್ದುದರ ಗುರುತೂ ಇದೆ. ತಡಿಕೆಗೆ ಮಣ್ಣು ಮೆತ್ತಿ, ಮೇಲೆ ಹುಲ್ಲು ಹೊದಿಸಿದ ಗೋಡೆ ಮಾಡುಗಳು. ನನ್ನ ಅಜ್ಜಿಯ ಮನೆಯ ಹಿತ್ತಲಿನಲ್ಲಿ ಕರಡ ಹೊದಿಸಿದ ದನದ ಕೊಟ್ಟಿಗೆ ಅಷ್ಟೇ ದೊಡ್ಡದಿತ್ತು. ರೋಮ್ ಅಮೃತಶಿಲೆಯ ನಗರವಾದ ಮೇಲೂ ಅದೇ ಗುಡ್ಡದ ಮೇಲೆ 'ರೋಮುಲಸನ ಗುಡಿಸಲು' ಎಂದು ಒಂದನ್ನು ಕಾಪಾಡಿಕೊಂಡು ಬಂದಿದ್ದರು. ಮಳೆಗಾಳಿಗೆ ಹಾಳಾದಾಗ ಹೊಸತೇನನ್ನೂ ಸೇರಿಸದೆ ಇದ್ದ ಹಾಗೆಯೇ ದುರಸ್ತಿ ಮಾಡುತ್ತಿದ್ದರೆಂದು ಡಯೊನಿಸಿಯಸ್ ಎಂಬ ಗ್ರೀಕ್ ಬರಹಗಾರ ಹೇಳುತ್ತಾನೆ.

ಕಲ್ಲಿನ ಬರಹವನ್ನೇ ಕೇಳಿದ ಹುಡುಗನಿಗೆ ಒಂದು ಕಲ್ಲೂ ಇದೆ. 1899ರಲ್ಲಿ ಜಿಯಾಕೊಮೊ ಬೋನಿ ಎಂಬ ಪುರಾತತ್ವಜ್ಞ ಫೋರಮ್‌ನಲ್ಲಿ ಕಪ್ಪು ಹಾಸುಗಲ್ಲಿನ ಕೆಳಗೆ ಕ್ರಿ.ಪೂ. 6ನೆಯ ಶತಮಾನದ ಒಂದು ಶಾಸನವನ್ನು ಕಂಡ. ಉಳುವ ಎತ್ತು ಗದ್ದೆಯ ಕೊನೆಯಲ್ಲಿ ತಿರುಗುವಂತೆ ಅದರ ಅಕ್ಷರಗಳು ಸಾಲಿನಿಂದ ಸಾಲಿಗೆ ದಿಕ್ಕು ಬದಲಿಸುತ್ತವೆ. ಮುರಿದ ಆ ಕಂಬದಲ್ಲಿ 'ಅರಸನಿಗೆ' ಎಂಬ ಅರ್ಥದ 'ರೆಕೆಯಿ' ಎಂಬ ಪದ ಸ್ಪಷ್ಟವಾಗಿದೆ. ಅದು ಪೂಜೆಗಷ್ಟೇ ಸೀಮಿತನಾದ ಅರಸನನ್ನು ಹೇಳುತ್ತದೆ ಎನ್ನುವವರೂ ಇದ್ದಾರೆ. ರೋಮುಲಸನ ಹೆಸರು ಅಲ್ಲಿಲ್ಲ. ಆದರೆ ರೋಮಿನಲ್ಲಿ ಅರಸೊತ್ತಿಗೆ ಇತ್ತು ಎನ್ನುವುದಕ್ಕೆ ಅದಕ್ಕಿಂತ ಹಳೆಯ ಸಾಕ್ಷಿ ಬೇರೆ ಕಾಣೆ.

ಜನರ ಮೂಲದ ಕುರಿತು ಎರಡು ಮಾತು. ಲ್ಯಾಟಿನ್ ಮಾತಾಡುವ ಈ ಜನರ ಭಾಷೆ ಸಂಸ್ಕೃತದ ದೂರದ ನೆಂಟ: ನಮ್ಮ 'ಪಿತೃ' ಅಲ್ಲಿ 'ಪಾತೆರ್', 'ಮಾತೃ' ಅಲ್ಲಿ 'ಮಾತೆರ್'. ಎದುರು ದಂಡೆಯ ಎಟ್ರಸ್ಕನ್ನರ ಭಾಷೆ ಆ ಕುಟುಂಬಕ್ಕೆ ಸೇರಿದ್ದಲ್ಲ. ಹೀಗಾಗಿ ಅವರು ಏಷ್ಯಾ ಮೈನರಿನ ಲಿಡಿಯಾದಿಂದ ವಲಸೆ ಬಂದವರೆಂದು ಹೆರೊಡೋಟಸ್ ಬರೆದದ್ದನ್ನು ಬಹುಕಾಲ ನಂಬಲಾಗಿತ್ತು. 2021ರಲ್ಲಿ ಪ್ರಕಟವಾದ ಪ್ರಾಚೀನ ಡಿಎನ್‌ಎ ಅಧ್ಯಯನ ಎಟ್ರಸ್ಕನ್ನರಿಗೂ ನೆರೆಯ ಲ್ಯಾಟಿನರಿಗೂ ವಂಶವಾಹಿಯಲ್ಲಿ ಹೆಚ್ಚು ಭೇದವಿಲ್ಲವೆಂದು ತೋರಿಸಿದೆ. ಗ್ರೀಕ್ ಅಕ್ಷರಗಳು ರೋಮನ್ನರಿಗೆ ಸಿಕ್ಕಿದ್ದು ಇವರ ಕೈಯಿಂದಲೇ.

ತರಗತಿಯಲ್ಲಿ ತೋಳದ ಕಂಚಿನ ವಿಗ್ರಹದ ಚಿತ್ರ ತೋರಿಸುವುದಾದರೆ ಒಂದು ವಿಷಯ ಗಮನದಲ್ಲಿರಲಿ. ಅದರ ಕೆಳಗಿನ ಎರಡು ಶಿಶುಗಳನ್ನು 15ನೆಯ ಶತಮಾನದಲ್ಲಿ ಸೇರಿಸಿದ್ದಾರೆ, ತೋಳವೇ ಮಧ್ಯಯುಗದ್ದು ಎಂದು ಈಚಿನ ಪರೀಕ್ಷೆಗಳು ಸೂಚಿಸುತ್ತವೆ.

ಉತ್ತರ 4: ಕಾರವಾರದ ವಕೀಲ

ಮೂರನೆಯ ಪ್ರಶ್ನೆ ನನ್ನ ವೃತ್ತಿಗೆ ಹತ್ತಿರದ್ದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಸಂಪ್ರದಾಯ ಹೇಳುವ ಪ್ರಕಾರ ರೋಮಿನ ಅರಸರಲ್ಲಿ ತಂದೆಯ ಪೀಠಕ್ಕೆ ನೇರವಾಗಿ ಮಗ ಬಂದದ್ದಿಲ್ಲ. ಎರಡನೆಯ ಅರಸ ನೂಮಾ ಸೇಬೈನ್ ಸೀಮೆಯವನು, ಐದನೆಯವನಾದ ಹಿರಿಯ ಟಾರ್ಕ್ವಿನ್ ಎಟ್ರಸ್ಕನ್ ಊರಿನಿಂದ ಬಂದವನು, ಆರನೆಯ ಸರ್ವಿಯಸ್ ಟುಲಿಯಸ್ ಸೆರೆಯಾಳಾದ ಹೆಣ್ಣಿನ ಮಗ. ಪರ ಊರಿನವರನ್ನು ಪೀಠಕ್ಕೆ ಏರಿಸಿದ ಈ ನೆನಪನ್ನು ರೋಮನ್ನರು ಮುಚ್ಚಿಡಲಿಲ್ಲ. ಕ್ರಿ.ಶ. 48ರಲ್ಲಿ ಗಾಲ್ ನಾಡಿನ ಪ್ರಮುಖರಿಗೆ ಸೆನೆಟ್‌ನಲ್ಲಿ ಜಾಗ ಕೊಡಬೇಕೆಂದು ವಾದಿಸುವಾಗ ಕ್ಲಾಡಿಯಸ್ ಚಕ್ರವರ್ತಿ ಇದೇ ಅರಸರನ್ನು ಉದಾಹರಿಸಿದ. ಆ ಭಾಷಣ ಕೆತ್ತಿದ ಕಂಚಿನ ಹಲಗೆ ಫ್ರಾನ್ಸಿನ ಲಿಯೋನಿನಲ್ಲಿ ಸಿಕ್ಕಿದೆ.

ಅರಸ ಸತ್ತಾಗ ಅಧಿಕಾರ ಹಿರಿಯರ ಸಭೆಗೆ, ಅಂದರೆ ಸೆನೆಟ್‌ಗೆ ಮರಳುತ್ತಿತ್ತು. 'ಸೆನೆಕ್ಸ್' ಎಂದರೆ ವೃದ್ಧ, ಆ ಪದದಿಂದಲೇ ಸಭೆಯ ಹೆಸರು ಬಂದದ್ದು. ಸಭೆಯ ಹಿರಿಯರು ಸರದಿಯಂತೆ ಒಬ್ಬೊಬ್ಬರು ಐದೈದು ದಿನ 'ನಡುವಿನ ಅರಸ' ಆಗಿ ಕುಳಿತು ಯೋಗ್ಯನನ್ನು ಹುಡುಕುತ್ತಿದ್ದರು. ಹೆಸರು ಗೊತ್ತಾದ ಮೇಲೆ ಜನರನ್ನು ಸೇರಿಸಿ ಒಪ್ಪಿಗೆ ಕೇಳುತ್ತಿದ್ದರು. ಜನರು ಮೂರು ಬಣಗಳಾಗಿಯೂ ಬಣಕ್ಕೆ ಹತ್ತರಂತೆ 30 ಕ್ಯೂರಿಯಾಗಳಾಗಿಯೂ ವಿಭಾಗವಾಗಿದ್ದರು, ಕ್ಯೂರಿಯಾಕ್ಕೆ ಒಂದು ಮತ. ಹಕ್ಕಿಗಳ ಹಾರಾಟ ನೋಡಿ ದೈವದ ಒಪ್ಪಿಗೆಯನ್ನೂ ಪಡೆಯಬೇಕಿತ್ತು. ಇಷ್ಟೆಲ್ಲ ಆದ ಮೇಲೆ ಅರಸನಿಗೆ 'ಇಂಪೀರಿಯಮ್' ದೊರೆಯುತ್ತಿತ್ತು: ದಂಡೆತ್ತಿ ಹೋಗುವ, ನ್ಯಾಯ ತೀರಿಸುವ, ಶಿಕ್ಷಿಸುವ ಸಂಪೂರ್ಣ ಅಧಿಕಾರ. ಅದರ ಕುರುಹಾಗಿ ಅರಸನ ಮುಂದೆ 12 ಮಂದಿ ಲಿಕ್ಟರುಗಳು ಕೋಲುಗಳ ಕಟ್ಟಿನ ನಡುವೆ ಕೊಡಲಿ ಸಿಕ್ಕಿಸಿ ಹೊತ್ತು ನಡೆಯುತ್ತಿದ್ದರು. ಸೆನೆಟ್ ಸಲಹೆ ಕೊಡಬಹುದಿತ್ತು, ಅರಸನ ಕೈ ಕಟ್ಟಲು ಅದಕ್ಕೆ ಬಲವಿರಲಿಲ್ಲ.

ಸರ್ವಿಯಸ್ ಟುಲಿಯಸನ ಹೆಸರಿಗೆ ಸೇರಿದ ವ್ಯವಸ್ಥೆಯನ್ನು ಮಕ್ಕಳಿಗೆ ತಪ್ಪದೆ ಹೇಳಿ. ಅವನು ಜನರನ್ನೂ ಆಸ್ತಿಯನ್ನೂ ಎಣಿಸಿ, ಯಾರು ಎಂಥ ಆಯುಧವನ್ನು ಸ್ವಂತ ಖರ್ಚಿನಲ್ಲಿ ತರಬಲ್ಲರು ಎಂಬುದರ ಮೇಲೆ ಐದು ದರ್ಜೆ ಮಾಡಿದ. ಆ ದರ್ಜೆಗಳನ್ನು 193 ಸೆಂಚುರಿಯಾಗಳಾಗಿ ಹಂಚಿ, ಪ್ರತಿ ಗುಂಪಿಗೆ ಒಂದು ಮತ ಕೊಟ್ಟ. ಕುದುರೆ ಸವಾರರಿಗೆ 18, ಮೊದಲ ದರ್ಜೆಗೆ 80. ಎರಡು, ಮೂರು, ನಾಲ್ಕನೆಯ ದರ್ಜೆಗಳಿಗೆ ತಲಾ 20, ಐದನೆಯದಕ್ಕೆ 30, ಕುಶಲಕರ್ಮಿಗಳಿಗೂ ವಾದ್ಯದವರಿಗೂ ಸೇರಿ 4. ಆಸ್ತಿ ಇಲ್ಲದವರೆಲ್ಲರಿಗೂ ಕೂಡಿ ಒಂದೇ ಒಂದು. ಬಹುಮತಕ್ಕೆ 97 ಸಾಕು. ಸವಾರರೂ ಮೊದಲ ದರ್ಜೆಯವರೂ ಸೇರಿದರೇ 98. ಮತ ಕೇಳುವುದು ಮೇಲಿನಿಂದ ಕೆಳಕ್ಕೆ, ಬಹುಮತ ಬಂದ ಕೂಡಲೇ ನಿಲ್ಲಿಸುತ್ತಿದ್ದರು. ಈ ಪೂರ್ಣ ಪಟ್ಟಿ ಅರಸರ ಕಾಲಕ್ಕಿಂತ ಈಚಿನದು, ಸರ್ವಿಯಸ್ ಹಾಕಿದ್ದು ಸರಳವಾದ ಬುನಾದಿ ಇರಬೇಕು ಎಂಬುದು ಇಂದಿನ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಸಂಪ್ರದಾಯದ ಪ್ರಕಾರ ಕ್ರಿ.ಪೂ. 509ರಲ್ಲಿ, ಕೊನೆಯ ಅರಸ ಟಾರ್ಕ್ವಿನ್ ಸುಪರ್ಬಸನ ಮಗ ಲುಕ್ರೀಷಿಯಾಳ ಮೇಲೆ ಅತ್ಯಾಚಾರವೆಸಗಿ, ಆಕೆ ಪ್ರಾಣ ಕಳೆದುಕೊಂಡಾಗ ಬ್ರೂಟಸ್ ಮತ್ತು ಆಕೆಯ ಗಂಡ ಕೊಲ್ಲಟೈನಸ್ ಮುಂದಾಗಿ ಅರಸನ ಮನೆತನವನ್ನು ಹೊರಹಾಕಿದರು. ಅಕ್ಕೋರೆ, ನಿಮ್ಮ ಮೂರನೆಯ ಪ್ರಶ್ನೆಯ ತಿರುಳು ಇಲ್ಲಿದೆ. ರೋಮನ್ನರು ಅರಸನ ಅಧಿಕಾರವನ್ನು ಕಡಿಮೆ ಮಾಡಲಿಲ್ಲ. ಇಂಪೀರಿಯಮ್ ಹಾಗೆಯೇ ಉಳಿಯಿತು. ಅದನ್ನು ಇಬ್ಬರು ಕಾನ್ಸಲರ ಕೈಗೆ ಕೊಟ್ಟು, ಒಂದು ವರ್ಷದ ಗಡುವು ಹಾಕಿ, ಒಬ್ಬನು ಬೇಡವೆಂದರೆ ಇನ್ನೊಬ್ಬನ ಆಜ್ಞೆ ನಡೆಯದಂತೆ ಮಾಡಿದರು. ಲಿಕ್ಟರುಗಳ ಮೆರವಣಿಗೆ ತಿಂಗಳಿಗೊಬ್ಬರ ಸರದಿ, ನಗರದೊಳಗೆ ಕೋಲುಗಳ ಕಟ್ಟಿನಿಂದ ಕೊಡಲಿ ತೆಗೆಯಬೇಕು. ದೊಡ್ಡ ಗಂಡಾಂತರ ಬಂದರೆ ಸರ್ವಾಧಿಕಾರಿ ಒಬ್ಬನನ್ನು ನೇಮಿಸಬಹುದಿತ್ತು, ಅವನಿಗೂ ಆರು ತಿಂಗಳು ಮಾತ್ರ. ಅರಸನೇ ಮಾಡಬೇಕಾಗಿದ್ದ ಪೂಜೆಗಳು ನಿಲ್ಲಬಾರದೆಂದು 'ಪೂಜೆಯ ಅರಸ' ಎಂಬ ಹುದ್ದೆಯನ್ನು ಉಳಿಸಿಕೊಂಡು, ಅವನಿಗೆ ರಾಜಕೀಯದ ಅಧಿಕಾರ ಸ್ಥಾನಗಳನ್ನು ನಿಷೇಧಿಸಿದರು.

ಇದು ಬಡವರಿಗೆ ಸಿಕ್ಕ ಬಿಡುಗಡೆ ಅಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಪದವಿಗಳು ಪೆಟ್ರೀಷಿಯನ್ ಎಂಬ ಕುಲೀನ ಮನೆತನಗಳ ಕೈಯಲ್ಲಿದ್ದವು, ಸಾಲ ಪ್ಲೀಬಿಯನ್ನರೆಂಬ ಸಾಮಾನ್ಯ ಜನರ ತಲೆಯ ಮೇಲಿತ್ತು. ಕ್ರಿ.ಪೂ. 494ರಲ್ಲಿ ಪ್ಲೀಬಿಯನ್ನರು ಆಯುಧ ಹಿಡಿದು ದಂಗೆ ಏಳುವ ಬದಲು ಊರು ಬಿಟ್ಟು ಮೂರು ಮೈಲಿಯಾಚೆಯ ಪವಿತ್ರ ಗುಡ್ಡಕ್ಕೆ ಹೋಗಿ ಕುಳಿತರು. ದಂಡಿಗೆ ಆಳಿಲ್ಲದ ಊರು ನಡೆಯುವುದು ಹೇಗೆ? ಅವರ ಪರವಾಗಿ ಟ್ರಿಬ್ಯೂನರು ಎಂಬ ಪ್ರತಿನಿಧಿಗಳನ್ನು ಒಪ್ಪಿಕೊಳ್ಳಬೇಕಾಯಿತು. ಟ್ರಿಬ್ಯೂನನ ಮೈಮುಟ್ಟುವುದು ದೈವದ್ರೋಹ. ಅವನ ಮನೆಯ ಬಾಗಿಲು ಹಗಲಿರುಳು ತೆರೆದಿರಬೇಕು.

ನಂತರ ಬಂದದ್ದು ಕ್ರಿ.ಪೂ. 451 ಮತ್ತು 450ರ ಹನ್ನೆರಡು ಹಲಗೆಗಳ ಕಾನೂನು. ಅದರ ಸಾಲದ ಕಟ್ಟಳೆಗಳನ್ನು ನಾನು ಮೊದಲ ಸಲ ಓದಿದ ದಿನ ನಿದ್ದೆ ಬರಲಿಲ್ಲ. ತೀರ್ಪಾದ ಮೇಲೆ ಸಾಲಗಾರನಿಗೆ 30 ದಿನದ ಗಡುವು. ಕೊಡದಿದ್ದರೆ ಸಾಲ ಕೊಟ್ಟವನು ಅವನನ್ನು ಹಿಡಿದು ಸಂಕೋಲೆ ಹಾಕಿ 60 ದಿನ ಮನೆಯಲ್ಲಿ ಇರಿಸಿಕೊಳ್ಳಬಹುದು. ಸೆರೆಯಲ್ಲಿದ್ದವನಿಗೆ ಸ್ವಂತ ಊಟವಿಲ್ಲದಿದ್ದರೆ ದಿನಕ್ಕೆ ಒಂದು ರೋಮನ್ ಪೌಂಡ್ ಧಾನ್ಯ ಕೊಡಬೇಕು. ಆ ಅವಧಿಯಲ್ಲಿ ಮೂರು ಸಂತೆಯ ದಿನ ಅವನನ್ನು ನ್ಯಾಯಾಧಿಕಾರಿಯ ಮುಂದೆ ತಂದು ಸಾಲದ ಮೊತ್ತವನ್ನು ಎಲ್ಲರಿಗೂ ಕೇಳುವಂತೆ ಸಾರಬೇಕು. ಕ್ರೂರವಾದ ಕಾನೂನೇ ಸರಿ. ಆದರೆ ಅಲ್ಲಿಯವರೆಗೆ ಅದು ಪೆಟ್ರೀಷಿಯನ್ ಪುರೋಹಿತರ ಬಾಯಲ್ಲಿತ್ತು, ಈಗ ಫೋರಮ್‌ನಲ್ಲಿ ಓದಲು ಸಿಕ್ಕಿತು. ಗಡುವು ಎಷ್ಟು ದಿನವೆಂದು ಕಕ್ಷಿಗಾರನಿಗೆ ತಿಳಿದಿರುವುದಕ್ಕೂ ತಿಳಿಯದಿರುವುದಕ್ಕೂ ಇರುವ ಅಂತರವನ್ನು ನಾನು ದಿನವೂ ನ್ಯಾಯಾಲಯದಲ್ಲಿ ಕಾಣುತ್ತೇನೆ.

ಇಬ್ಬರು ಕಾನ್ಸಲರಲ್ಲಿ ಒಬ್ಬರ ಸ್ಥಾನ ಪ್ಲೀಬಿಯನ್ನರಿಗೆ ತೆರೆದದ್ದು ಕ್ರಿ.ಪೂ. 367ರಲ್ಲಿ. ಅವರ ಸಭೆಯ ನಿರ್ಣಯ ಎಲ್ಲರಿಗೂ ಕಾನೂನಾದದ್ದು 287ರಲ್ಲಿ. ಅಲ್ಲಿಯವರೆಗೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಉತ್ತರ 5: ಅಂಕೋಲೆಯ ಹಾಲಕ್ಕಿ ಯುವಕ

ವಕೀಲರು ಲಿಕ್ಟರುಗಳ ಬಗ್ಗೆ ಬರೆದದ್ದನ್ನು ಓದಿ ಒಂದು ಮಾತು ಸೇರಿಸಬೇಕೆನಿಸಿತು. ನಮ್ಮ ಸಮುದಾಯದ ಕೊಪ್ಪಗಳಲ್ಲಿ ಊರಗೌಡ, ಅವನಿಗೆ ನೆರವಾಗುವ ಬುಧವಂತ, ಸುದ್ದಿ ಮುಟ್ಟಿಸುವ ಕೋಲಕಾರ ಎಂಬ ಕಟ್ಟು ಹಿಂದಿನಿಂದ ಇದೆ. ಕೋಲು ಹಿಡಿದವನು ಬಾಗಿಲಿಗೆ ಬಂದನೆಂದರೆ ಅದು ಊರ ಮಾತು ಎಂದು ಎಲ್ಲರೂ ತಿಳಿಯುತ್ತಿದ್ದರು. ಮಕ್ಕಳಿಗೆ ಕೋಲಿನ ಅರ್ಥ ಹೇಳಲು ಇದು ಉಪಯೋಗವಾದೀತು. ವ್ಯತ್ಯಾಸವೂ ದೊಡ್ಡದೇ: ನಮ್ಮ ಕೋಲಕಾರನ ಕೋಲಿನಲ್ಲಿ ಕೊಡಲಿ ಇರಲಿಲ್ಲ, ಮತ್ತು ನಮ್ಮಲ್ಲಿ ಗೌಡಿಕೆ ಮನೆತನದಲ್ಲಿ ಇಳಿದು ಬರುತ್ತದೆ.

ಪ್ರಶ್ನೆ ಕೇಳಿದವರಿಂದ: ಶಿರಸಿಯ ಅಕ್ಕೋರು

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಕುಮಟಾದ ತಮ್ಮ ಹೇಳಿದ ಹಾಗೆ ದಾರಕ್ಕೆ ಗಂಟು ಹಾಕಿ ಗೋಡೆಯ ಉದ್ದಕ್ಕೂ ಕಟ್ಟಿದೆವು. ನೂರು ವರ್ಷಕ್ಕೆ ಒಂದು ಗೇಣು ಎಂದು ಲೆಕ್ಕ. ತಾಳಗುಂದದ ಗಂಟು ಮಯೂರಶರ್ಮನಿಂದ ಒಂದು ಗೇಣಿನಲ್ಲಿ ಬಂತು. ರೋಮುಲಸನಿಂದ ಫೇಬಿಯಸ್ ಪಿಕ್ಟರನಿಗೆ ಐದೂವರೆ ಗೇಣು ಅಳೆದ ಆ ಹುಡುಗ, ಮತ್ತೆ ಬಂದು ಎರಡನೆಯ ಸಲ ಅಳೆದ.

ವಕೀಲರ 193ರ ಲೆಕ್ಕಕ್ಕೆ ಶಾಲೆಯ ಹತ್ತಿರದ ತೋಟದ ಮನೆಯಿಂದ 193 ಗೋಟಡಿಕೆ ತರಿಸಿದೆ. ಮಕ್ಕಳನ್ನು ದರ್ಜೆಗಳಾಗಿ ಕೂರಿಸಿ ಅಡಿಕೆ ಹಂಚಿದೆ. ಸವಾರರೂ ಮೊದಲ ದರ್ಜೆಯವರೂ ಆಗಿ ಕುಳಿತ ಏಳು ಮಕ್ಕಳ ಮುಂದೆ 98 ಅಡಿಕೆ, ಹಿಂದಿನ ಬೆಂಚುಗಳಲ್ಲಿ ಆಸ್ತಿ ಇಲ್ಲದವರಾಗಿ ಕುಳಿತ ಹದಿನಾಲ್ಕು ಮಕ್ಕಳ ನಡುವೆ ಒಂದು ಅಡಿಕೆ. ನೆರೆಯ ಊರಿನ ಮೇಲೆ ಯುದ್ಧಕ್ಕೆ ಹೋಗಬೇಕೇ ಎಂಬುದು ನಾನು ಇಟ್ಟ ವಿಷಯ. ಮುಂದಿನ ಸಾಲಿನವರು ಒಟ್ಟಾಗಿ ಹೌದೆಂದರು, 97ಕ್ಕೆ ಎಣಿಕೆ ನಿಲ್ಲಿಸಿದೆ. ಹಿಂದಿನ ಬೆಂಚಿನಲ್ಲಿ ಆ ಒಂದು ಅಡಿಕೆಯನ್ನು ಅಂಗೈಯಲ್ಲಿ ಹಿಡಿದು ಕಾಯುತ್ತಿದ್ದ ಹುಡುಗಿ ಎದ್ದು ನಿಂತು, "ಅಕ್ಕೋರೆ, ನಮ್ಮದನ್ನು ಕೇಳಲೇ ಇಲ್ಲ" ಎಂದಳು.

ಸೋಮವಾರದ ಅವಧಿಯಲ್ಲಿ ಪವಿತ್ರ ಗುಡ್ಡದ ಪಾಠವಿದೆ. ಹಿಂದಿನ ಬೆಂಚಿನವರನ್ನೆಲ್ಲ ಎಬ್ಬಿಸಿ ಮೈದಾನದ ಮಾವಿನ ಮರದ ಕೆಳಗೆ ಕಳುಹಿಸಿ ಅಲ್ಲಿಂದಲೇ ಪಾಠ ಶುರು ಮಾಡುತ್ತೇನೆ.